ಪದ್ಯಾಣರ ಯಾವ ಪದ ನಂಬರ್ ಒನ್?

ಕಳೆದ ದೀಪಾವಳಿಗೆ ಕಲ್ಲುಗುಂಡಿಯ ತವರಿಗೆ ಹೋದಾಗ ನಮ್ಮ ಮನೆಯ ಚಾವಡಿಯಲ್ಲಿ ದೊಡ್ಡ ಜಗಳ ನಡೆಯಿತು. ಆಸ್ತಿಯ ಜಗಳ ಅಲ್ಲ, ಗಾಬರಿ ಬೇಡ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ತನ್ನ ಗೆಳೆಯನನ್ನು ಕರೆದುಕೊಂಡು ಬಂದಿದ್ದ. ಇಬ್ಬರೂ ಮೆಟಾಲಿಕಾ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಭಕ್ತರು. ಆ ಬ್ಯಾಂಡಿನ ಅತ್ಯುತ್ತಮ ಹಾಡು ಯಾವುದು ಎಂಬುದೇ ಜಗಳದ ವಿಷಯ. ಇವನು ‘ಮಾಸ್ಟರ್ ಆಫ್ ಪಪೆಟ್ಸ್’ ಅಂತಾನೆ, ಅವನು ‘ಒನ್’ ಅಂತಾನೆ. ಒಬ್ಬ ಗಿಟಾರಿನ ಲೆಕ್ಕ ಕೊಟ್ಟರೆ ಇನ್ನೊಬ್ಬ ಡ್ರಮ್ಮಿನ ಲೆಕ್ಕ ಕೊಡುತ್ತಾನೆ. ಕಾಫಿ ಆರಿ ತಣ್ಣಗಾದರೂ ತೀರ್ಮಾನ ಇಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಹಾಡಿದ ದಿನ ಮಳೆಯಲ್ಲಿ, ಕೆಸರಿನಲ್ಲಿ ನಿಂತು ಕೇಳಿದವನು ನಮ್ಮಣ್ಣ. ಮಗನಿಗೆ ಹುಚ್ಚು ಹಿಡಿಸಿದವನೂ ಅವನೇ. ಈಗ ಮಾತ್ರ ಏನೂ ಗೊತ್ತಿಲ್ಲದವನ ಹಾಗೆ ಅಡಿಕೆ ಸುಲಿಯುತ್ತ ಕೂತಿದ್ದ.

ಈಸಿಚೇರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ನಮ್ಮಪ್ಪ ಮೆಲ್ಲಗೆ ಕೇಳಿದರು, “ಎಷ್ಟು ಹೊತ್ತಿನ ಪದ ಮಾರಾಯ ಅದು?”

“ಎಂಟೂವರೆ ನಿಮಿಷ ಅಜ್ಜ.”

“ಪ್ರತಿ ಸಲ ಕೇಳುವಾಗಲೂ ಒಂದೇ ಹಾಗೆ ಇರ್ತದಾ?”

“ಮತ್ತೆ? ರೆಕಾರ್ಡ್ ಅಲ್ವಾ.”

“ಹಾಗಾದ್ರೆ ಜಗಳ ಎಂತಕ್ಕೆ? ಎರಡನ್ನೂ ಒಟ್ಟಿಗೆ ಕೂತು ಕೇಳಿದ್ರೆ ಮುಗೀತಲ್ಲ. ನಮ್ಮದು ಹಾಗಾ? ನಾವು ನಲ್ವತ್ತು ವರ್ಷದಿಂದ ಜಗಳ ಮಾಡ್ತಾ ಇದ್ದೇವೆ, ಒಂದು ತೀರ್ಪು ಇಲ್ಲ!”

ಹುಡುಗರಿಬ್ಬರೂ ಫೋನು ಕೆಳಗಿಟ್ಟರು. ಅಜ್ಜನಿಗೂ ಒಂದು ಬ್ಯಾಂಡ್ ಇತ್ತು ಎಂಬುದು ಅವರಿಗೆ ಅವತ್ತೇ ಗೊತ್ತಾದದ್ದು.

ನಮ್ಮೂರಿನ ಭಾಗವತರು

ಮೈಸೂರಿನಿಂದ ಮಡಿಕೇರಿಗೆ ಬಂದು, ಘಟ್ಟ ಇಳಿದು, ಸಂಪಾಜೆಯ ಗಡಿ ದಾಟಿದರೆ ಸಿಗುವ ಸಣ್ಣ ಪೇಟೆ ನಮ್ಮ ಕಲ್ಲುಗುಂಡಿ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಪಯಸ್ವಿನಿ ಹೊಳೆ, ಸುತ್ತ ಅಡಿಕೆ ತೋಟ, ರಬ್ಬರು. ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಊರು ದಾಟಿಹೋದದ್ದೇ ತಿಳಿಯುವುದಿಲ್ಲ. ಆದರೆ ತೆಂಕುತಿಟ್ಟಿನ ಯಕ್ಷಗಾನ ಗೊತ್ತಿದ್ದವರಿಗೆ ಕಲ್ಲುಗುಂಡಿ ಎಂದರೆ ಬೇರೆ ಪರಿಚಯ ಬೇಡ. ಅದು ಪದ್ಯಾಣ ಗಣಪತಿ ಭಟ್ಟರ ಊರು.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. 1955ರಲ್ಲಿ ಹುಟ್ಟಿದ ಗಣಪತಿ ಭಟ್ಟರದ್ದು ಅಜ್ಜನ ಕಾಲದಿಂದಲೇ ಯಕ್ಷಗಾನದ ನಂಟಿದ್ದ ಪದ್ಯಾಣ ಮನೆತನ. ಶಾಲೆಯ ಓದು ಕಡಿಮೆ, ಮೇಳಕ್ಕೆ ಸೇರಿದ್ದು ಮೀಸೆ ಸರಿಯಾಗಿ ಮೂಡುವ ಮೊದಲೇ. ಎರಡು ದಶಕಕ್ಕೂ ಹೆಚ್ಚು ಕಾಲ ಸುರತ್ಕಲ್ ಮೇಳದಲ್ಲಿ ಜಾಗಟೆ ಹಿಡಿದರು. ಆಮೇಲೆ ಮಂಗಳಾದೇವಿ, ಎಡನೀರು, ಹೊಸನಗರ, ಕೊನೆಗೆ ಹನುಮಗಿರಿ ಮೇಳ. ಜನ ಅವರನ್ನು ‘ಗಾನಗಂಧರ್ವ’ ಎಂದು ಕರೆದರು. ನಮ್ಮೂರಿನವರು ಮಾತ್ರ ‘ನಮ್ಮ ಗಣಪಣ್ಣ’ ಎಂದೇ ಹೇಳುತ್ತಿದ್ದರು. 2021ರ ಅಕ್ಟೋಬರ್ 12ರಂದು ಅವರು ತೀರಿಕೊಂಡಾಗ 66 ವರ್ಷ.

ಹುಡುಗರಿಗೆ ಅಪ್ಪ ಮೊದಲು ಹೇಳಿಕೊಟ್ಟ ಪಾಠ ಏನು ಗೊತ್ತುಂಟಾ? “ಭಾಗವತರು ಪದ ಹಾಡುವುದಲ್ಲ, ಪದ ಹೇಳುವುದು.” ನಮ್ಮ ಕಡೆ ಎಲ್ಲರೂ ಹೀಗೇ ಹೇಳುವುದು. ಆ ಒಂದು ಮಾತಿನಲ್ಲಿ ಬಹಳ ಅರ್ಥ ಉಂಟು. ಭಾಗವತ ಬರಿಯ ಗಾಯಕ ಅಲ್ಲ, ಕಥೆ ಹೇಳುವವ. ರಂಗದಲ್ಲಿ ಯಾರು ಯಾವಾಗ ಬರಬೇಕು, ಎಷ್ಟು ಕುಣಿಯಬೇಕು, ಯಾವಾಗ ಮಾತು ನಿಲ್ಲಿಸಬೇಕು ಎನ್ನುವುದೆಲ್ಲ ಅವನ ಜಾಗಟೆಯಲ್ಲಿ ಇರುತ್ತದೆ. ಅದಕ್ಕೇ ಅವನನ್ನು ‘ಒಂದನೇ ವೇಷ’ ಎನ್ನುವುದು. ಮುಖಕ್ಕೆ ಬಣ್ಣ ಇಲ್ಲ, ತಲೆಗೆ ಕಿರೀಟ ಇಲ್ಲ, ಮುಂಡಾಸು ಕಟ್ಟಿ ಕೂತಿರುತ್ತಾನೆ. ಆದರೂ ಮೊದಲ ವೇಷ ಅವನದೇ.

ಇನ್ನು ಪದದ ಸಂಗತಿ. ಪಾರ್ತಿಸುಬ್ಬನ ಕಾಲದಿಂದ ಬಂದ ಪ್ರಸಂಗದ ಪುಸ್ತಕದಲ್ಲಿ ಒಂದು ಪದ ಎಂದರೆ ನಾಲ್ಕಾರು ಸಾಲು. ಮೇಲೆ ರಾಗ ತಾಳದ ಹೆಸರು ಬರೆದಿರುತ್ತದೆ. ಅದೇ ರಾಗದಲ್ಲಿ ಹೇಳಬೇಕೆಂದು ಕಟ್ಟುನಿಟ್ಟಿಲ್ಲ. ಆ ಹೊತ್ತಿಗೆ, ಆ ರಸಕ್ಕೆ, ಆ ವೇಷಧಾರಿಗೆ ಯಾವುದು ಹೊಂದುತ್ತದೋ ಅದನ್ನು ಭಾಗವತ ಎತ್ತಿಕೊಳ್ಳುತ್ತಾನೆ. ಕುಣಿಯುವವ ಗಟ್ಟಿಗನಾದರೆ ಒಂದೇ ಸಾಲನ್ನು ನಾಲ್ಕು ಸಲ ಹೇಳಿ ಕುಣಿಸುತ್ತಾನೆ. ಚೆಂಡೆಯವ ಹುರುಪಿನಲ್ಲಿದ್ದರೆ ಮುಕ್ತಾಯ ಬೇರೆಯೇ ಆಗುತ್ತದೆ. ನಿನ್ನೆ ಐದು ನಿಮಿಷದ ಪದ ಇವತ್ತು ಇಪ್ಪತ್ತು ನಿಮಿಷ. ಒಂದೇ ಪದ, ಒಂದೇ ಭಾಗವತ, ಆದರೂ ನಿನ್ನೆಯದ್ದು ಇವತ್ತು ಇಲ್ಲ.

“ಹಾಗಾಗಿ ನಮ್ಮಲ್ಲಿ ‘ಯಾವ ಪದ ಒಳ್ಳೆದು’ ಅಂತ ಕೇಳಿದ್ರೆ ಸಾಕಾಗುವುದಿಲ್ಲ,” ಅಂದರು ಅಪ್ಪ. “ಯಾವ ಊರಿನ ಆಟ, ಯಾರ ವೇಷ, ಮದ್ದಳೆಗೆ ಯಾರು, ರಾತ್ರಿ ಎಷ್ಟು ಗಂಟೆ, ಎಲ್ಲ ಹೇಳ್ಬೇಕು.”

“ಅಂದ್ರೆ ಎಲ್ಲವೂ ಲೈವ್ ವರ್ಶನ್!” ಎಂದ ಗೆಳೆಯ. ಅವನಿಗೆ ಅರ್ಥವಾಗಿತ್ತು.

ಹೋಟೆಲಿನ ನಾಲ್ಕು ಪಕ್ಷಗಳು

ನಾನು ಸಣ್ಣವಳಿದ್ದಾಗ ನಮ್ಮ ಪೇಟೆಯ ಹೋಟೆಲೊಂದರಲ್ಲಿ ಈ ವಿಷಯಕ್ಕೆ ನಾಲ್ಕು ಪಕ್ಷ ಇದ್ದವು. ರಾತ್ರಿ ಆಟ ನೋಡಿ ಬೆಳಗ್ಗೆ ನೇರ ಹೋಟೆಲಿಗೆ ಬಂದು, ಕೆಂಪು ಕಣ್ಣಿನಲ್ಲೇ ಅವಲಕ್ಕಿ ಸಜ್ಜಿಗೆ ತಿನ್ನುತ್ತ ಜಗಳಕ್ಕೆ ಕೂರುತ್ತಿದ್ದರು. ಹಾಲಿಗೆ ಹೋದ ನಾನು ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಮನೆಯಲ್ಲಿ ಹಾಲು ಕಾಯುತ್ತಿದ್ದ ಅಮ್ಮನ ಬೈಗುಳ ಆಮೇಲೆ.

ಮೊದಲನೆಯದು ಟೈಲರ್ ಮಾಮನ ಪಕ್ಷ. ಮಾಮನಿಗೆ ಪದ್ಯಾಣರೆಂದರೆ ಸುರತ್ಕಲ್ ಮೇಳದ ಡೇರೆಯ ದಿನಗಳು. ಅದು ಟಿಕೆಟಿನ ಆಟದ ಕಾಲ. ‘ಕಡುಗಲಿ ಕುಮಾರರಾಮ’, ‘ನಾಟ್ಯರಾಣಿ ಶಾಂತಲಾ’ ಎಂದರೆ ಡೇರೆ ತುಂಬುತ್ತಿತ್ತು. ಶಾಂತಲೆಯ ಶೃಂಗಾರದ ಪದಕ್ಕೆ ಸಮ ಯಾವುದೂ ಇಲ್ಲ ಎಂಬುದು ಮಾಮನ ವಾದ. ಹೊಲಿಯುವಾಗ ಮಿಷನಿನ ಕಾಲು ಕೂಡ ಅದೇ ತಾಳಕ್ಕೆ ತುಳಿಯುತ್ತಿತ್ತಂತೆ. “ಜನ ಮತ್ತೊಮ್ಮೆ ಟಿಕೆಟ್ ತೆಗೆದು ಕೇಳಿದ ಪದವೇ ದೊಡ್ಡ ಪದ,” ಎನ್ನುತ್ತಿದ್ದರು.

ಎರಡನೆಯದು ಮಾಸ್ಟ್ರ ಪಕ್ಷ. ಸಂಗೀತ ಬಲ್ಲ ನಮ್ಮ ಶಾಲೆಯ ಮಾಸ್ಟ್ರಿಗೆ ತಾಳದ ಆರ್ಭಟದಲ್ಲಿ ಮನಸ್ಸಿಲ್ಲ. ತಾಳವಿಲ್ಲದೆ ಹೇಳುವ ಭಾಮಿನಿಯಲ್ಲೇ ಭಾಗವತನ ನಿಜವಾದ ಬೆಲೆ ತಿಳಿಯುವುದು ಎಂಬುದು ಅವರ ಸಿದ್ಧಾಂತ. ಚೆಂಡೆ ಇಲ್ಲ, ಕುಣಿತ ಇಲ್ಲ, ಸ್ವರ ಒಂದೇ. ತಪ್ಪಿದರೆ ಅಡಗಿಸಲು ಜಾಗ ಇಲ್ಲ. “ಬಲಿಪರನ್ನು ಕೇಳಿ, ಮಂಡೆಚ್ಚರನ್ನು ಕೇಳಿ, ಆಮೇಲೆ ಗಣಪಣ್ಣನ ಭಾಮಿನಿ ಕೇಳಿ. ಮೂರೂ ಬೇರೆ. ಯಾರೂ ಯಾರ ಹಾಗೂ ಇಲ್ಲ. ಅದೇ ದೊಡ್ಡತನ,” ಎನ್ನುತ್ತಿದ್ದರು. ಬಲಿಪ ನಾರಾಯಣ ಭಾಗವತರ ಹಳೆಯ ಕ್ರಮ, ದಾಮೋದರ ಮಂಡೆಚ್ಚರ ಸಂಗೀತದ ಸೊಗಸು, ಇವೆರಡನ್ನೂ ಕೇಳಿದ ಕಿವಿ ಮಾಸ್ಟ್ರದ್ದು. ಅವರ ಎದುರು ಮಾತನಾಡುವಾಗ ಉಳಿದವರಿಗೆ ಸ್ವಲ್ಪ ಅಳುಕು.

ಮೂರನೆಯ ಪಕ್ಷಕ್ಕೆ ಹೆಸರಿಲ್ಲ. ಹೋಟೆಲಿನ ಮಾಮ ಮತ್ತು ಜೀಪಿನ ಡ್ರೈವರುಗಳು. ಅವರಿಗೆ ಯುದ್ಧದ ಪದವೇ ಆಗಬೇಕು. ಬೆಳಗಿನ ಜಾವ ಚೆಂಡೆ ಗುಡ್ಡೆಗೆ ಬಡಿದು ತಿರುಗಿ ಬರಬೇಕು. ರಾಕ್ ಸಂಗೀತ ಕೇಳುವ ನಮ್ಮ ಹುಡುಗರು ಸೇರಬೇಕಾದ ಪಕ್ಷ ಇದೇ ಇರಬೇಕು.

ನಾಲ್ಕನೆಯದು ನಮ್ಮಪ್ಪನದ್ದು. ಅದರಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಅಪ್ಪನಿಗೆ ಪದ್ಯಾಣರ ಎಲ್ಲ ಪದಗಳಲ್ಲಿ ಒಂದೇ ಒಂದು ಪದ ನಂಬರ್ ಒನ್. ನಳ ದಮಯಂತಿಯ ಆಟ. ಎಲ್ಲ ಕಳೆದುಕೊಂಡ ನಳ ಕಾಡಿನಲ್ಲಿ, ನಿದ್ದೆ ಹೋದ ದಮಯಂತಿಯನ್ನು ಬಿಟ್ಟು ಹೋಗುವ ಸಂದರ್ಭ. ಹೋಗುತ್ತಾನೆ, ತಿರುಗಿ ಬರುತ್ತಾನೆ, ಮತ್ತೆ ಹೋಗುತ್ತಾನೆ. ಸುಳ್ಯದ ಕಡೆಯ ಒಂದು ಗದ್ದೆಯಲ್ಲಿ, ರಾತ್ರಿ ಮೂರೂವರೆ ಗಂಟೆಗೆ ಗಣಪಣ್ಣ ಹೇಳಿದ ಆ ಪದ.

“ಅವತ್ತು ಡೇರೆಯಲ್ಲಿ ಅರ್ಧ ಜನ ಮಲಗಿದ್ರು,” ಎಂದು ಅಪ್ಪ ಶುರುಮಾಡಿದರೆ ಹೋಟೆಲಿನಲ್ಲಿದ್ದವರೆಲ್ಲ ಮುಂದಿನ ಸಾಲು ಒಟ್ಟಿಗೆ ಹೇಳುತ್ತಿದ್ದರು, “ಒಬ್ಬೊಬ್ಬರೇ ಎದ್ದು ಕೂತ್ರು!” ಅಷ್ಟು ಸಲ ಕೇಳಿದ ಕಥೆ ಅದು.

ಆ ರಾತ್ರಿ ನಾನೂ ಇದ್ದೆ. ಎಂಟು ವರ್ಷ. ನೆಲದ ಟಿಕೆಟಿನಲ್ಲಿ, ಚಾಪೆಯ ಮೇಲೆ, ಅಮ್ಮನ ಶಾಲಿನೊಳಗೆ ಮಲಗಿದ್ದೆ. ಎದ್ದು ಕೂತವರ ಪೈಕಿ ನಾನಿಲ್ಲ. ನನಗೆ ನೆನಪಿರುವುದು ಇಷ್ಟೇ: ನಿದ್ದೆಯೊಳಗೆ ಎಲ್ಲೋ ದೂರದಿಂದ ಯಾರೋ ಕರೆದ ಹಾಗೆ ಒಂದು ಸ್ವರ, ಕೆನ್ನೆಯ ಕೆಳಗೆ ಚಾಪೆಯ ಗುರುತು, ಪಕ್ಕದಲ್ಲಿ ಅಮ್ಮ ಮೂಗು ಒರೆಸಿಕೊಂಡದ್ದು.

ಅಪ್ಪನ ಪಕ್ಷಕ್ಕೆ ದೊಡ್ಡ ವಿರೋಧಿ ಟೈಲರ್ ಮಾಮ. ಒಟ್ಟಿಗೇ ಆಟಕ್ಕೆ ಹೋಗುವವರು, ಒಂದೇ ಚಾಪೆಯಲ್ಲಿ ಕೂರುವವರು, ಬೆಳಗಾದರೆ ಜಗಳ. ಆ ಪದ ರೇವತಿ ರಾಗದಲ್ಲಿ ಇತ್ತು ಅಂತ ಅಪ್ಪ. ಅಲ್ಲ, ಮಧ್ಯಮಾವತಿ ಅಂತ ಮಾಮ. ಮಾಸ್ಟ್ರನ್ನು ಕೇಳಿದರೆ, “ಎರಡಕ್ಕೂ ಒಂದು ರಿಷಭದ ವ್ಯತ್ಯಾಸ ಮಾತ್ರ. ಕೇಳದೆ ಹೇಗೆ ಹೇಳುವುದು? ನಾನು ಅವತ್ತು ಬರ್ಲಿಲ್ಲ,” ಎಂದು ಕೈ ತೊಳೆದುಕೊಂಡರು. ಆ ಸಣ್ಣ ವ್ಯತ್ಯಾಸ ಸಣ್ಣದಲ್ಲ. ಮಧ್ಯಮಾವತಿ ಮಂಗಳಕ್ಕೆ ಹೇಳುವ ರಾಗ, ಕೇಳಿದರೆ ಮನಸ್ಸು ತುಂಬಿದ ಹಾಗಾಗುತ್ತದೆ. ರಿಷಭವನ್ನು ಸ್ವಲ್ಪ ತಗ್ಗಿಸಿದರೆ ರೇವತಿ. ಅದೇ ದಾರಿ, ಆದರೆ ಕತ್ತಲೆ. ನಳ ಬಿಟ್ಟುಹೋಗುವಾಗ ಭಾಗವತ ಯಾವುದನ್ನು ಎತ್ತಿಕೊಂಡ ಎಂಬುದರ ಮೇಲೆ ನಳ ಎಂಥವನು ಎಂಬುದೇ ಬದಲಾಗುತ್ತದೆ.

ನಳ-2 ಎಂಬ ಕ್ಯಾಸೆಟ್

“ಅಜ್ಜ, ಪ್ರೂಫ್ ಇಲ್ವಾ?” ಎಂದ ಅಣ್ಣನ ಮಗ. ಈಗಿನವರಿಗೆ ಎಲ್ಲದಕ್ಕೂ ಪ್ರೂಫ್ ಬೇಕು.

ಪ್ರೂಫ್ ಇತ್ತು. ಆ ಕಾಲದಲ್ಲಿ ಅಪ್ಪನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು, ಅಡಿಕೆಗೆ ರೇಟು ಬಂದ ವರ್ಷ ತೆಗೆದದ್ದು. ಆಟಕ್ಕೆ ಹೋಗುವಾಗ ಅದೂ ಚೀಲದಲ್ಲಿ ಬರುತ್ತಿತ್ತು. ಮೈಕಿನವರ ಪರಿಚಯ ಇದ್ದರೆ ಪೆಟ್ಟಿಗೆಯ ಪಕ್ಕವೇ ಜಾಗ. ತೊಂಬತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ನಲವತ್ತೈದು ನಿಮಿಷ. ಮುಗಿದ ಕೂಡಲೇ ಟಪ್ ಎಂದು ಗುಂಡಿ ಮೇಲೆ ಹಾರುತ್ತದೆ. ತಕ್ಷಣ ತಿರುಗಿಸಿ ಹಾಕಬೇಕು. ಇಡೀ ರಾತ್ರಿಯ ಆಟ ಹಿಡಿಯಲು ಆರೇಳು ಕ್ಯಾಸೆಟ್, ಹನ್ನೆರಡು ಹದಿಮೂರು ಸಲ ಈ ಕೆಲಸ. ಅದಕ್ಕೆ ಜವಾಬ್ದಾರಿಯ ಜನ ಬೇಕು. ಕೈ ಸೂಕ್ಷ್ಮ, ನಿದ್ದೆ ಕಡಿಮೆ ಎಂದು ಆ ಕೆಲಸ ಯಾವಾಗಲೂ ಟೈಲರ್ ಮಾಮನಿಗೆ.

ಹೀಗೆ ನಮ್ಮ ಮನೆಯ ಮಂಚದಡಿಯ ಟ್ರಂಕಿನಲ್ಲಿ ಐವತ್ತರ ಮೇಲೆ ಕ್ಯಾಸೆಟ್ ಸೇರಿದ್ದವು. ಒಂದೊಂದರ ಮೇಲೂ ಅಪ್ಪನ ದುಂಡು ಅಕ್ಷರ. ಅದರಲ್ಲಿ ‘ನಳ-2’ ಮಾತ್ರ ಇರಲಿಲ್ಲ. ಆಟ ಮುಗಿದ ವಾರವೇ ಟೈಲರ್ ಮಾಮ ಅಂಗಡಿಯಲ್ಲಿ ಕೇಳಲಿಕ್ಕೆಂದು ಕೊಂಡುಹೋದದ್ದು ತಿರುಗಿ ಬರಲೇ ಇಲ್ಲ.

“ಟೈಲರೇ, ಆ ಕ್ಯಾಸೆಟ್ ತನ್ನಿ, ರಾಗ ಯಾವುದು ಅಂತ ಇವತ್ತೇ ನೋಡುವ,” ಎಂದು ಅಪ್ಪ ಕೇಳದ ವರ್ಷ ಇಲ್ಲ.

“ಎಲ್ಲಿ ಇಟ್ಟಿದ್ದೇನೋ ಅಣ್ಣ, ಬಟ್ಟೆಯ ರಾಶಿಯಲ್ಲಿ ಹೋಗಿದೆ. ಹುಡುಕ್ತೇನೆ,” ಎಂದು ಮಾಮ ಹೇಳದ ವರ್ಷವೂ ಇಲ್ಲ.

ಕೊಟ್ಟ ಪುಸ್ತಕ, ಕೊಟ್ಟ ಕೊಡೆ, ಕೊಟ್ಟ ಕ್ಯಾಸೆಟ್ ತಿರುಗಿ ಬರುವುದಿಲ್ಲ ಎಂದು ಅಪ್ಪ ಕೊನೆಗೆ ಕೇಳುವುದನ್ನೂ ಬಿಟ್ಟರು. ಜಗಳ ಮಾತ್ರ ಬಿಡಲಿಲ್ಲ. ಕಲ್ಲುಗುಂಡಿಯ ಶಾಲೆಯ ವಠಾರದಲ್ಲಿ ಸಂಪಾಜೆ ಯಕ್ಷೋತ್ಸವ ನಡೆಯುವಾಗ, ಒಂದೇ ವೇದಿಕೆಯಲ್ಲಿ ಹಲವು ಭಾಗವತರು ಕೂರುವ ಆ ರಾತ್ರಿಯಂತೂ ಇಬ್ಬರಿಗೂ ಹೊಸ ಮದ್ದು ಸಿಕ್ಕಿದ ಹಾಗೆ. ಪ್ರತಿಯೊಂದು ಪದ ಮುಗಿದ ಮೇಲೂ ಮುಖ ಮುಖ ನೋಡುವುದು. “ಹ್ಞಾಂ, ಚಂದ ಉಂಟು. ಆದ್ರೆ ನಳನಷ್ಟು ಇಲ್ಲ.” “ಚಂದ ಉಂಟು. ಶಾಂತಲೆಯಷ್ಟು ಇಲ್ಲ.”

2021ರ ಆ ಅಕ್ಟೋಬರಿನಲ್ಲಿ ಗಣಪಣ್ಣ ಹೋದರು. ದೀಪಾವಳಿ ಹತ್ತಿರ ಬರುತ್ತಿತ್ತು, ಮೇಳಗಳು ಗೆಜ್ಜೆ ಕಟ್ಟುವ ಕಾಲ. ಅವತ್ತು ಸಂಜೆ ಟೈಲರ್ ಮಾಮ ನಮ್ಮ ಮನೆಗೆ ಬಂದು ಒಂದು ಗಂಟೆ ಚಾವಡಿಯಲ್ಲಿ ಕೂತಿದ್ದರಂತೆ. ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಅಮ್ಮ ಫೋನಿನಲ್ಲಿ ಹೇಳಿದ್ದು, “ಜಗಳ ಮಾಡಿದ್ರೆ ನನಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ.”

ಮರುವರ್ಷ, 2022ರ ಆಗಸ್ಟ್ ತಿಂಗಳ ಮಳೆ ನಿಮಗೆ ನೆನಪಿರಬಹುದು. ಘಟ್ಟದ ಮೇಲೆ ಸುರಿದದ್ದೆಲ್ಲ ಪಯಸ್ವಿನಿಗೆ ಬಂತು. ಹೊಳೆ ಕಲ್ಲುಗುಂಡಿ ಪೇಟೆಗೇ ನುಗ್ಗಿತು. ಅಂಗಡಿ, ಮನೆ, ಎಲ್ಲ ಕಡೆ ಕೆಂಪು ನೀರು. ಅಪ್ಪ ಅಮ್ಮನನ್ನು ರಾತ್ರಿಯೇ ಮೇಲಿನ ಮನೆಗೆ ಕರೆದುಕೊಂಡು ಹೋದರು. ಬೆಳಗ್ಗೆ ಬಂದು ನೋಡಿದರೆ ಮಂಚದಡಿಯ ಟ್ರಂಕಿನೊಳಗೆ ಕೆಸರು ಮೊಸರಿನ ಹಾಗೆ ಕೂತಿತ್ತು. ಅಪ್ಪ ಒಂದೊಂದೇ ಕ್ಯಾಸೆಟನ್ನು ಬಾಲ್ದಿಯಲ್ಲಿ ತೊಳೆದು, ಹಳೆಯ ಲುಂಗಿಯಲ್ಲಿ ಒರೆಸಿ, ಮಳೆ ಬಿಟ್ಟ ದಿನ ಅಂಗಳದಲ್ಲಿ ಅಡಿಕೆಯ ಹಾಗೆ ಒಣಹಾಕಿದರು. ಟೇಪು ಅಂಟಿಹೋಗಿತ್ತು. ಒಂದೂ ತಿರುಗಲಿಲ್ಲ. ಮನೆಯ ಉಳಿದ ನಷ್ಟದ ಪಟ್ಟಿ ಬರೆಯುವಾಗ ಅಪ್ಪ ಫ್ರಿಜ್ಜು, ಮಿಕ್ಸಿ, ಅಕ್ಕಿ ಎಲ್ಲ ಬರೆಸಿದರು. ಕ್ಯಾಸೆಟ್ ಬರೆಸಲಿಲ್ಲ. ಅದಕ್ಕೆ ರೇಟು ಹಾಕುವುದು ಹೇಗೆ?

ಅಲ್ಲಿಂದ ಜಗಳವೂ ನಿಂತಿತು. ಮಾಸ್ಟ್ರು ಹೋಗಿ ಆಗಿತ್ತು. ಹೋಟೆಲು ಬೇರೆಯವರ ಕೈಗೆ ಬಂತು. ಅಪ್ಪ ಸಂಜೆ ಪೇಟೆಗೆ ಹೋಗುವುದೂ ಕಡಿಮೆಯಾಯಿತು.

ಟಪ್ ಎಂದಲ್ಲಿಂದ ಮುಂದೆ

ಇಷ್ಟು ಕೇಳಿದ ಮೇಲೆ ನಮ್ಮ ಮೆಟಾಲಿಕಾ ಹುಡುಗರು ಸುಮ್ಮನೆ ಕೂರಲಿಲ್ಲ. ಅಪ್ಪ ಮಧ್ಯಾಹ್ನ ಮಲಗಿದಾಗ ಇಬ್ಬರೂ ಸ್ಕೂಟರ್ ಹತ್ತಿ ಗುಡ್ಡೆಯ ಮೇಲಿನ ಟೈಲರ್ ಮಾಮನ ಮನೆಗೆ ಹೋದರು. ಗುಡ್ಡೆಯ ಮನೆ, ಅಲ್ಲಿಗೆ ನೀರು ಹೋಗಿರಲಿಲ್ಲ ಎಂಬುದು ಅವರ ಲೆಕ್ಕ. ಸಂಜೆ ನಾಲ್ಕಕ್ಕೆ ಸ್ಕೂಟರಿನ ಹಿಂದೆ ಆಟೋ ಬಂತು. ಆಟೋದಿಂದ ಟೈಲರ್ ಮಾಮ ಇಳಿದರು. ಒಂದು ಕೈಯಲ್ಲಿ ಹಳೆಯ ಟೂ-ಇನ್-ವನ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ತೊಟ್ಟೆ.

ಅಪ್ಪ ಎದ್ದು ಕೂತರು. “ಬನ್ನಿ ಟೈಲರೇ. ಎಂತ, ಇಷ್ಟು ದಿನ ಕಾಣ್ಲೇ ಇಲ್ಲ?”

ಮಾಮ ಕೂರಲಿಲ್ಲ. ತೊಟ್ಟೆಯಿಂದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ‘ನಳ-2’. ಅಪ್ಪನ ದುಂಡು ಅಕ್ಷರ, ನೀಲಿ ಇಂಕು, ಸ್ವಲ್ಪ ಮಾಸಿತ್ತು ಅಷ್ಟೇ.

“ಬಟ್ಟೆಯ ರಾಶಿಯಲ್ಲಿ ಸಿಕ್ಕಿತಾ?” ಅಪ್ಪನ ಸ್ವರ ನಡುಗುತ್ತಿತ್ತು.

“ಇಲ್ಲ ಅಣ್ಣ. ಯಾವಾಗಲೂ ಕಪಾಟಿನಲ್ಲೇ ಇತ್ತು.” ಮಾಮ ನೆಲ ನೋಡುತ್ತ ಹೇಳಿದರು. “ಆ ಪದ ಇದರಲ್ಲಿ ಇಲ್ಲ.”

ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ.

“ಮೊದಲ ಬದಿ ಆ ಪದ ಶುರುವಾಗುವಾಗ್ಲೇ ಮುಗಿದಿತ್ತು. ಗುಂಡಿ ಹಾರಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಪದ ಮುಗಿದು, ನಳನ ಅರ್ಥ ಶುರುವಾದ ಮೇಲೆ ನೋಡ್ತೇನೆ, ಟೇಪು ನಿಂತಿದೆ. ನಿಮಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನೀವು ಕೇಳ್ತೀರಿ ಅಂತ್ಲೇ ಕ್ಯಾಸೆಟ್ ಕೊಂಡುಹೋದದ್ದು. ನೀರು ಬಂದಾಗ, ಅದರಲ್ಲೇ ಹೋಯ್ತು ಅಂತ ಹೇಳಿದ್ರೆ ಮುಗೀತಿತ್ತು. ಆದ್ರೆ ನಿಮ್ಮ ಟ್ರಂಕು ನೋಡಿದ ಮೇಲೆ ಹಾಗೆ ಹೇಳ್ಲಿಕ್ಕೂ ಮನಸ್ಸಾಗ್ಲಿಲ್ಲ. ಇದನ್ನು ತರ್ಲಿಕ್ಕೂ ಧೈರ್ಯ ಬರ್ಲಿಲ್ಲ.”

ಮೂವತ್ತು ವರ್ಷದ ಮೇಲೆ ಹೊತ್ತ ಗುಟ್ಟು. ಆಟದ ಒಂದು ಪದ ತಪ್ಪಿಹೋದದ್ದಕ್ಕೆ! ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಅಪ್ಪ ಕ್ಯಾಸೆಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಆಮೇಲೆ ಕೇಳಿದರು, “ಗುಂಡಿ ಹಾರಿದ ಶಬ್ದ ಕೇಳ್ಲಿಲ್ವಾ?”

“ಇಲ್ಲ.”

“ರೆಕಾರ್ಡರು ನಿಮ್ಮ ಮಡಿಲಲ್ಲೇ ಇತ್ತಲ್ವಾ?”

“ಹೌದು.”

“ನಿದ್ದೆ ಬಂದಿತ್ತಾ?”

ಟೈಲರ್ ಮಾಮನಿಗೆ ಅಲ್ಲಿ ತಪ್ಪಿಸಿಕೊಳ್ಳಲು ಒಳ್ಳೆಯ ದಾರಿ ಇತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮಾಮ ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ ಅಣ್ಣ. ಎಚ್ಚರವೇ ಇದ್ದೆ,” ಎಂದರು.

ಅಪ್ಪ ನಗಲು ಶುರುಮಾಡಿದರು. ಅಪ್ಪ ಹಾಗೆ ನಕ್ಕದ್ದನ್ನು ನೆರೆಯ ನಂತರ ನಾವು ನೋಡಿರಲಿಲ್ಲ. “ಒಂದು ರಾತ್ರಿಗೆ ಹನ್ನೆರಡು ಸಲ ತಿರುಗಿಸಿದ ಮನುಷ್ಯ ನೀವು. ಶಾಂತಲೆಯ ಪದಕ್ಕೆ ಒಂದು ಸಲವಾದ್ರೂ ಮರೆತದ್ದುಂಟಾ? ಹಾಗಾದ್ರೆ ನೀವು ಸೋತ್ರಿ ಟೈಲರೇ! ನಿಮ್ಮ ಕೈಯೇ ಸಾಕ್ಷಿ ಹೇಳಿ ಆಯ್ತು!”

ಮಾಮನೂ ನಕ್ಕರು. ಕಣ್ಣು ಒರೆಸಿಕೊಂಡರು. “ಆದ್ರೂ ರಾಗ ಮಧ್ಯಮಾವತಿಯೇ,” ಎಂದರು.

ಆಮೇಲೆ ಕ್ಯಾಸೆಟ್ ಹಾಕಿದೆವು. ಮೊದಲಿಗೆ ಬರೀ ಸುಯ್ ಎನ್ನುವ ಶಬ್ದ. ನಂತರ ಆ ಸ್ವರ ಬಂತು. ಆಗ ಅವರಿಗಿನ್ನೂ ಹರೆಯದ ಕಂಠ. ಯಾರದ್ದೋ ಕೆಮ್ಮು, ಕಡಲೆ ಮಾರುವವನ ಕೂಗು, ಎಲ್ಲೋ ಒಂದು ಮಗು. ಅದು ನಾನೇ ಇರಬಹುದು ಎಂದು ಅಮ್ಮ ಹೇಳಿದರು. ಜೂಜಿನ ಪದ, ಕಾಡಿಗೆ ಹೋಗುವ ಪದ ಆಯಿತು. ಅಪ್ಪ ಮತ್ತು ಮಾಮ ಇಬ್ಬರೂ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ದಮಯಂತಿಗೆ ನಿದ್ದೆ ಬಂತು. ಮದ್ದಳೆ ಮೆಲ್ಲಗಾಯಿತು. ಶ್ರುತಿಯ ಮೇಲೆ ಭಾಗವತರು ಆಲಾಪ ಎತ್ತಿದರು, ಒಂದು ಉಸಿರು, ಇನ್ನೊಂದು ಉಸಿರು...

ಟಪ್.

ಹುಡುಗರು ಬೆಚ್ಚಿದರು. ಹಿರಿಯರಿಬ್ಬರೂ ಬೆಚ್ಚಲಿಲ್ಲ. ಅವರ ಕೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಟೇಪು ನಿಂತರೂ ಪದ ನಿಂತಿರಲಿಲ್ಲ. ಯಾರೂ ಕ್ಯಾಸೆಟ್ ತಿರುಗಿಸಲು ಏಳಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನಾನು ನೋಡಲಿಲ್ಲ. ಕೊನೆಗೆ ಇಬ್ಬರೂ ಒಂದೇ ಹೊತ್ತಿಗೆ ಕೈ ನಿಲ್ಲಿಸಿ ಕಣ್ಣು ತೆರೆದರು. ಒಬ್ಬರು ಕೇಳಿದ್ದು ರೇವತಿ, ಇನ್ನೊಬ್ಬರದ್ದು ಮಧ್ಯಮಾವತಿ ಇರಬೇಕು. ಪದ ಮುಗಿದದ್ದು ಮಾತ್ರ ಒಟ್ಟಿಗೇ.

ಈಗ ನಮ್ಮ ಕಡೆ ಹೆಚ್ಚಿನ ಆಟಗಳು ಕಾಲಮಿತಿಯವು. ಸಂಜೆ ಶುರುವಾಗಿ ಮಧ್ಯರಾತ್ರಿಗೆಲ್ಲ ಮಂಗಳ. ಮ್ಯಾಟಿನ ಮೇಲೆ ಮಲಗುವ ಮಕ್ಕಳೂ ಇಲ್ಲ, ಮೂರೂವರೆ ಗಂಟೆಯ ಪದವೂ ಅಪರೂಪ. ಹಾಗೆಂದು ದೂರುವುದಿಲ್ಲ, ಬೆಳಗ್ಗೆ ಎಲ್ಲರಿಗೂ ಕೆಲಸ ಉಂಟು. ಫೋನಿನಲ್ಲಿ ಪದ್ಯಾಣರ ನೂರಾರು ಪದಗಳು ಸಿಗುತ್ತವೆ. ಅಣ್ಣನ ಮಗ ಬೆಂಗಳೂರಿನ ಬಸ್ಸಿನಲ್ಲಿ ಕೂತು ಒಂದೊಂದೇ ಕೇಳುತ್ತಿದ್ದಾನಂತೆ. ಮೊನ್ನೆ ಮೆಸೇಜು ಹಾಕಿದ್ದ, “ಅತ್ತೆ, ಯುದ್ಧದ ಪದವೇ ಬೆಸ್ಟ್. ಅಜ್ಜನಿಗೆ ಹೇಳ್ಬೇಡಿ.”

ಹೇಳಿದೆ. ಅಪ್ಪ ಟೈಲರ್ ಮಾಮನಿಗೆ ಫೋನು ಮಾಡಿದರು. ಈಗ ಜಗಳಕ್ಕೆ ಮೂರು ಜನ.